ಜ್ವರಕ್ಕೆ ಕೂತ ಅಧ್ಯಾಯ

"ನನ್ನ ಹನ್ನೆರಡನೇ ಅಧ್ಯಾಯ ಎಲ್ಲಿ ಅಕ್ಕಾ?" ಎಂದು ಕೂಗುತ್ತಾ ಅನಂತರಾಜು ಮೇಷ್ಟ್ರು ಅಟ್ಟದಿಂದ ಇಳಿದಾಗ ತಲೆಯ ಮೇಲೆ ಜೇಡರ ಬಲೆ, ಕೈಯಲ್ಲಿ ಹಾಳೆ ಕಟ್ಟಿದ್ದ ದಾರ ಮಾತ್ರ.

ಕೆಂಚಮ್ಮ ಹಿಪ್ಪುನೇರಳೆ ಸೊಪ್ಪು ಕುಯ್ಯಲು ಕುಡುಗೋಲು ಮಸೆಯುತ್ತಿದ್ದಳು. "ಯಾವ್ದು, ಆ ರದ್ದಿ ಕಟ್ಟಾ? ಹುಳಿನ ತಟ್ಟೆಗೆ ಹಾಸ್ಬುಟ್ಟೆ ಕಣಪ್ಪ."

ಅವಳದೇನೂ ತಪ್ಪಿರಲಿಲ್ಲ. ಚನ್ನಪಟ್ಟಣದ ಕಾಲೇಜಿನಲ್ಲಿ ಮೂವತ್ತು ವರ್ಷ ತತ್ವಶಾಸ್ತ್ರ ಪಾಠ ಮಾಡಿದ ಮೇಷ್ಟ್ರು ತಮ್ಮ ಹಳೆಯ ಉತ್ತರ ಪತ್ರಿಕೆಗಳನ್ನೆಲ್ಲ ವರ್ಷ ವರ್ಷವೂ ಅಕ್ಕನ ರೇಷ್ಮೆ ಹುಳುಗಳ ಅಡಿಗೆ ಹಾಸಲೆಂದೇ ತಂದು ಈ ಅಟ್ಟಕ್ಕೆ ಹಾಕುತ್ತಿದ್ದರು. ಈ ಸಲ ಅಟ್ಟದ ಮೇಲಿದ್ದದ್ದು 'ಧ್ಯಾನ: ಒಂದು ಸಮಗ್ರ ವಿಶ್ಲೇಷಣೆ' ಎಂಬ ಅವರ ಪುಸ್ತಕದ ಕೊನೆಯ ಅಧ್ಯಾಯ. ಹೋದ ವಾರ ಇಲ್ಲಿಗೇ ಬಂದು, ಹಾಳೆಯ ಎರಡೂ ಮಗ್ಗುಲಿಗೆ ಒಂದಿಂಚೂ ಬಿಡದೆ ಬರೆದು, ಕಟ್ಟಿಟ್ಟು, ಮರೆತು ಹೋಗಿದ್ದರು. ನಕಲಿಲ್ಲ. ಭಾನುವಾರ ಬಿಡುಗಡೆ. ಇವತ್ತು ಸಂಜೆ ಐದರೊಳಗೆ ಸಾಬೀರನ ಪ್ರೆಸ್ಸಿಗೆ ಹಾಳೆ ಸೇರದಿದ್ದರೆ ಪುಸ್ತಕ ಹನ್ನೊಂದನೇ ಅಧ್ಯಾಯಕ್ಕೇ ಮುಗಿಯುವುದಿತ್ತು.

ಮೇಷ್ಟ್ರು ಹಿತ್ತಲಿನ ಹುಳು ಮನೆಗೆ ಓಡಿದರು. ಕೆಂಚಮ್ಮ ಅವರಿಗಿಂತ ಮೊದಲೇ ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಕೈಕಾಲು ತೊಳ್ಕೊ ಮೊದ್ಲು. ಮುಖಾನೂ ತೊಳಿ. ನಿನ್ ಮೈಯೆಲ್ಲಾ ಊದುಬತ್ತಿ ವಾಸ್ನೆ."

"ಪೂಜೆ ಮಾಡ್ಕೊಂಡು ಬಂದಿದ್ದೀನಿ ಅಕ್ಕಾ."

"ದೇವ್ರಿಗೆ ಆಯ್ತದೆ. ಹುಳುಗೆ ಆಗಕ್ಕಿಲ್ಲ."

ತೊಳೆದುಕೊಂಡು ಒಳಗೆ ಹೋದರೆ, ಬಿದಿರಿನ ತಟ್ಟೆಗಳಲ್ಲಿ ಮೇಷ್ಟ್ರ ದುಂಡು ಅಕ್ಷರಗಳ ಮೇಲೆ ಸಾವಿರಾರು ಹುಳು. ಒಂದೂ ತಿನ್ನುತ್ತಿಲ್ಲ, ಒಂದೂ ಮಿಸುಕುತ್ತಿಲ್ಲ. ಎಲ್ಲವೂ ತಲೆ ಮೇಲೆತ್ತಿ ಹಾಗೇ ಕೂತಿದ್ದವು.

"ಮೂರ್ನೇ ಜ್ವರಕ್ಕೆ ಕುಂತವೆ. ಪೊರೆ ಬುಡೋಗಂಟ ಮುಟ್ಟಂಗಿಲ್ಲ, ಅಲ್ಲಾಡಿಸಂಗಿಲ್ಲ. ಈಗ ನೀನು ಕಾಗ್ದ ಎಳುದ್ರೆ ನನ್ ಬೆಳೆನೇ ಹೊಂಟೋಯ್ತದೆ."

"ಎಷ್ಟೊತ್ತಿಗೆ ಏಳ್ತವೆ?"

"ನೆನ್ನೆ ಸಂಜೆ ಕುಂತವೆ, ಇವತ್ತು ಸಂಜೆ ಮುಂದ್ಕೆ ಎದ್ದಾವು. ನಾನು ತೋಟಕ್ಕೆ ಹೋಗಿ ಸೊಪ್ಪು ಕುಯ್ಕೊಂಡು ಬತ್ತೀನಿ. ನೀನು ಕುಂತ್ಕೊಂಡು ನೋಡ್ಕೊ. ಫೋನು ಆಚೆ ಮಡಗು. ಭಾಷ್ಣ ಗೀಷ್ಣ ಮಾಡ್ಬ್ಯಾಡ."

"ಹುಳುಗೆ ಯಾರಾದ್ರೂ ಭಾಷಣ ಮಾಡ್ತಾರಾ?"

"ನೀನು ಮಾಡ್ತೀಯ," ಎಂದು ಕೆಂಚಮ್ಮ ಕುಡುಗೋಲು ತೆಗೆದುಕೊಂಡು ಹೊರಟುಹೋದಳು.

ಮೇಷ್ಟ್ರು ಮಗುಚಿದ ಕುಕ್ಕೆಯೊಂದರ ಮೇಲೆ ಕೂತರು. ಆಗಿನ್ನೂ ಮಧ್ಯಾಹ್ನ ಎರಡು ಗಂಟೆ. ಅವರು ಯಾರಿಗೂ ಹೇಳದ ಸಂಗತಿಯೊಂದಿತ್ತು. ಧ್ಯಾನದ ಮೇಲೆ ನಾನೂರು ಪುಟ ಬರೆದವರು ಒಂದು ದಿನವೂ ಹತ್ತು ನಿಮಿಷ ಧ್ಯಾನಕ್ಕೆ ಕೂತವರಲ್ಲ. ಕೂತರೆ ಮೊದಲು ಮಂಡಿ ಹಿಡಿಯುತ್ತಿತ್ತು, ಆಮೇಲೆ ಬೆನ್ನು ತುರಿಸುತ್ತಿತ್ತು, ಕೊನೆಗೆ ಗ್ಯಾಸ್ ಸಿಲಿಂಡರ್ ಬುಕ್ ಮಾಡಿಲ್ಲವೆಂದು ನೆನಪಾಗಿ ಎದ್ದುಬಿಡುತ್ತಿದ್ದರು. ಈ ವಿಷಯದಲ್ಲಿ ಅವರಿಗೆ ಒಳಗೊಳಗೇ ನಾಚಿಕೆ ಇತ್ತು. ಅಧ್ಯಾಯಗಳು ಉದ್ದವಾಗಿದ್ದಕ್ಕೆ ಅದೇ ಕಾರಣವಿದ್ದರೂ ಇರಬಹುದು.

ಹತ್ತಿರದ ತಟ್ಟೆಯಲ್ಲಿ, ಹುಳುಗಳ ಸಂದಿನಿಂದ ಅವರದೇ ಸಾಲು ಕಾಣುತ್ತಿತ್ತು: 'ಧ್ಯಾನಸ್ಥನ ಲಕ್ಷಣಗಳು ಹದಿನಾರು.' ಅಭ್ಯಾಸಬಲ, ಮೇಷ್ಟ್ರು ಹುಳುವಿಗೆ ಅಂಕ ಕೊಡಲು ಶುರು ಮಾಡಿದರು. ಆಹಾರ ಬಿಟ್ಟಿದೆ, ಒಂದು. ದೇಹ ನಿಶ್ಚಲ, ಎರಡು. ಹೊರಗಿನ ಪರಿವೆ ಇಲ್ಲ, ಮೂರು. ಹೀಗೆ ಏಳರವರೆಗೆ ಬಂದರು. ಎಂಟನೆಯದನ್ನು ಹುಡುಕುತ್ತಿರುವಾಗ ಒಂದು ಹುಳುವಿನ ತಲೆಯ ಹತ್ತಿರ ಪೊರೆ ಸಣ್ಣಗೆ ಬಿರಿಯಿತು. ಮೇಷ್ಟ್ರು ಬಗ್ಗಿ ನೋಡಿದರು. ಎಂಟನೆಯದನ್ನು ಆಮೇಲೆ ಹುಡುಕಲಿಲ್ಲ.

ಕೆಂಚಮ್ಮ ಸೊಪ್ಪಿನ ಹೊರೆ ಹೊತ್ತು ಬಂದಾಗ ಜಗಲಿಯ ಮೇಲೆ ಫೋನು ಬಡಿದುಕೊಳ್ಳುತ್ತಿತ್ತು. ಎತ್ತಿ ಮಾತಾಡಿ ಒಳಗೆ ಬಂದಳು. ಅವಳ ತಮ್ಮ ಕುಕ್ಕೆಯ ಮೇಲೆ ಬಾಯಿ ತುಸು ತೆರೆದುಕೊಂಡು ಕೂತಿದ್ದ. ಕಿವಿಯ ಮೇಲೆ ಇರುವೆ ಓಡಾಡುತ್ತಿದ್ದರೂ ಗೊತ್ತಿರಲಿಲ್ಲ. ತಟ್ಟೆಗಳಲ್ಲಿ ಹುಳುಗಳೆಲ್ಲ ಪೊರೆ ಕಳಚಿ, ಸೊಪ್ಪು ಹುಡುಕಿಕೊಂಡು ಹರಿದಾಡುತ್ತಿದ್ದವು.

"ಲೇ ಅನಂತ! ಎದ್ದವಲ್ಲೋ. ನನ್ ಒಂದ್ ಕೂಗು ಕೂಗ್ಬಾರ್ದಾ?"

"ನೀನು ಈಗ್ತಾನೆ ಹೋದ್ಯಲ್ಲಕ್ಕಾ."

"ಈಗ್ತಾನಾ? ಆರೂವರೆ ಆಯ್ತು! ಸಾಬೀರಣ್ಣ ಹದ್ನಾಕು ಸಲ ಫೋನ್ ಮಾಡವ್ರೆ. ಎಂಟ್ ಗಂಟೆಗಂಟ ಕಾಯ್ತಾರಂತೆ, ಅಷ್ಟೇ. ಏನ್ ಮಾಡ್ತಿದ್ದೆ ಇಷ್ಟೊತ್ತು?"

"ಏನೂ ಇಲ್ಲ."

ಅವನು ಒಂದು ಪ್ರಶ್ನೆಗೆ ಎರಡೇ ಪದದಲ್ಲಿ ಉತ್ತರ ಕೊಟ್ಟದ್ದನ್ನು ಅವಳು ತಮ್ಮ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮುಖ ನೋಡಿದಳು. ಜ್ವರಗಿರ ಬಂದಂತಿರಲಿಲ್ಲ. ಕಣ್ಣಲ್ಲಿ ಒಂದಿಷ್ಟು ನೀರಿತ್ತು, ಆದರೆ ಮನುಷ್ಯ ಸುಖವಾಗಿದ್ದ.

"ನಂಗೂ ಒಂದೊಂದ್ಸಲ ಹಂಗೇ ಆಯ್ತದೆ ಕಣಪ್ಪ, ಇಲ್ಲಿ ಕುಂತ್ರೆ. ಅದುಕ್ಕೇ ನಮ್ಮನೇಲಿ ಅನ್ನ ಸೀದೋಗೋದು," ಎಂದು ಅವಳು ಹೊಸ ಸೊಪ್ಪು ಹರಡಿದಳು. ಹುಳುಗಳು ಸೊಪ್ಪಿಗೆ ಹತ್ತಿದ ಮೇಲೆ ಅವನ್ನು ಬೇರೆ ತಟ್ಟೆಗೆ ಎತ್ತಿ ಹಾಕಿ, ಅಡಿಯ ಹಾಳೆಗಳನ್ನು ಕೊಡವಿ ತಮ್ಮನ ಕೈಗಿಟ್ಟಳು. "ತಗೊ. ಬಸ್ಸಿಗೆ ಹೊತ್ತಾಯ್ತು, ಹೊಂಡು."

ಮೇಷ್ಟ್ರು ಮೊದಲ ಹಾಳೆ ಓದಿದರು. ಎರಡನೆಯದನ್ನೂ ಓದಿದರು. ಹದಿನಾರು ಲಕ್ಷಣಗಳೂ ಸರಿಯಾಗಿದ್ದವು, ಒಂದು ಕಾಗುಣಿತವೂ ತಪ್ಪಿರಲಿಲ್ಲ. ಇವತ್ತು ಮಧ್ಯಾಹ್ನ ಆದದ್ದು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ. ಮೇಷ್ಟ್ರಿಗೆ ದಿಗಿಲಾಯಿತು.

"ಅಕ್ಕಾ, ಇದನ್ನ ಕೊಡಕ್ಕಾಗಲ್ಲ. ಬೇಗ ಒಂದು ಪೆನ್ನು ಕೊಡು, ಒಂದೇ ಒಂದು ಖಾಲಿ ಹಾಳೆ ಕೊಡು. ಮರ್ತೋಗೋದ್ರೊಳಗೆ ಹೊಸ್ದಾಗಿ ಬರ್ದ್ಬಿಡ್ತೀನಿ. ಮೊದಲನೇ ಲಕ್ಷಣ ಏನಂದ್ರೆ..."

ಕೆಂಚಮ್ಮ ತಮ್ಮನ ಕೈಯಿಂದ ಹಾಳೆಗಳನ್ನು ಈಸಿಕೊಂಡು, ಒಂದೊಂದನ್ನೇ ತಿರುವಿ, ಹಿಂದೆ ಮುಂದೆ ನೋಡಿದಳು.

"ಖಾಲಿ ಹಾಳೆ ಎಲ್ಲಿಂದ ತರ್ಲಪ್ಪ? ಎಲ್ಲಾದ್ರ ಮ್ಯಾಲೂ ನೀನೇ ಬರ್ದ್ಮಡಗಿದ್ದೀಯಲ್ಲ."