ಗೊತ್ತಿಲ್ಲ ಎಂಬ ಖಾನೆ

ದೇಶದ ಕಡಲ ಕಾವಲಿನ ಇತಿಹಾಸದಲ್ಲಿ ಅಂದು ಒಂದು ಗಂಭೀರ ಪ್ರಶ್ನೆ ಎದ್ದಿತ್ತು: ಯಂತ್ರದ ಪರದೆಯ ಮೇಲೆ "ಗೊತ್ತಿಲ್ಲ" ಎಂಬ ಪದ ಇರಬೇಕೇ, ಬೇಡವೇ? ಇದರ ಇತ್ಯರ್ಥಕ್ಕಾಗಿ ಪ್ರಯೋಗಾಲಯದ ಮುಖ್ಯಸ್ಥರು ಚಹಾ ಆರಿಹೋಗುವುದನ್ನೂ ಲೆಕ್ಕಿಸದೆ ಎದ್ದು ನಿಂತಿದ್ದರು.

ಎದುರಿಗೆ ಕೂತವಳು ಆ ಪದ ಹಾಕಿದ ಎಂಜಿನಿಯರ್. ಅವಳು ಕಟ್ಟಿದ ಯಂತ್ರ ದೂರದ ರಾಡಾರುಗಳ ಕೂಗನ್ನು ಕೇಳಿ, ಅದು ಯಾರದೆಂದು ಹೇಳುತ್ತಿತ್ತು. ಒಂದೊಂದು ರಾಡಾರಿನ ಕೂಗಿನಲ್ಲೂ ಸ್ವರ ಒಂದೊಂದು ರೀತಿ ನಡೆಯುತ್ತದೆ. ಒಂದರದು ನೆಟ್ಟಗೆ ಏರುತ್ತದೆ, ಇನ್ನೊಂದರದು ಜಾರಿ ಇಳಿಯುತ್ತದೆ, ಮತ್ತೊಂದರದು ಮಂಡಿನೋವಿನವರು ಮೆಟ್ಟಿಲು ಹತ್ತಿದ ಹಾಗೆ ನಿಂತು ನಿಂತು ಹೋಗುತ್ತದೆ. ಆ ನಡಿಗೆ ಹಿಡಿದರೆ ಸಾಕು, ಕೆಮ್ಮು ಕೇಳಿ ಪಕ್ಕದ ಮನೆಯವರನ್ನು ಗುರುತಿಸಿದಂತೆ ಗುರುತಿಸಬಹುದು. ಮೀನು ದೋಣಿ, ಸರಕು ಹಡಗು, ಹವಾಮಾನ ಕೇಂದ್ರ, ಯುದ್ಧನೌಕೆ, ಕ್ಷಿಪಣಿ ಎಂದು ಐದು ಖಾನೆ. ಯಾವುದಕ್ಕೂ ಹೊಂದದಿದ್ದರೆ ಆರನೆಯದು: ಗೊತ್ತಿಲ್ಲ. ಆಗ ಗಂಟೆ ಹೊಡೆದು ಮನುಷ್ಯನನ್ನು ಕರೆಯುತ್ತಿತ್ತು. ಇದರಿಂದಾಗಿ ಕಚೇರಿಯಲ್ಲಿ ಅವಳಿಗೇ "ಗೊತ್ತಿಲ್ಲಮ್ಮ" ಎಂದು ಹೆಸರು ಬಿದ್ದಿತ್ತು.

"ಅಲ್ರೀ, ಇಷ್ಟು ಖರ್ಚು ಮಾಡಿ ಕಟ್ಟಿದ ಯಂತ್ರ ಗೊತ್ತಿಲ್ಲ ಅಂದ್ರೆ ಏನ್ರೀ ಅರ್ಥ?"

"ಗೊತ್ತಿಲ್ಲ ಅಂತ ಅರ್ಥ, ಸರ್."

"ನಿನ್ನೆ ಬಂದ ಅತಿಥಿಗಳ ಮುಂದೆ ಮೇಲಿಂದ ಮೇಲೆ ಹಾಗೇ ಅಂತು. ನನ್ನ ಮುಖ ಎಲ್ಲಿಟ್ಕೊಳ್ಳಲಿ? ಯಾವುದಕ್ಕೆ ಹತ್ತಿರ ಇದೆಯೋ ಆ ಹೆಸರು ಹೇಳಲಿ, ಮುಗೀತು."

"ಹುಲಿ ಬಂದ್ರೆ ಬೆಕ್ಕಿಗೆ ಹತ್ತಿರ, ಸರ್."

ಮುಖ್ಯಸ್ಥರಿಗೆ ಗಾದೆ, ಉಪಮೆಗಳು ತಾವು ಹೇಳಿದರಷ್ಟೇ ಹಿಡಿಸುತ್ತಿದ್ದವು. "ಆ ಖಾನೆ ನೀವು ತೆಗೀದಿದ್ರೆ ಬಿಡಿ. ಪಕ್ಕದ ಮೇಜಿನವನು ತೆಗೀತಾನೆ," ಎಂದರು. ಪಕ್ಕದ ಮೇಜಿನವನು ಆಗಲೇ ತೆಗೆದಾಗಿತ್ತು. ಯಾರೂ ಹೇಳುವ ಮೊದಲೇ ಅವನು ಮಾಡಿದ ಕೆಲಸ ಅದೊಂದೇ.

ಯಂತ್ರವನ್ನು ಒಪ್ಪಿಕೊಳ್ಳಲು ಗಸ್ತು ಹಡಗಿನ ಕ್ಯಾಪ್ಟನ್ ಬಂದರು. ಜೊತೆಯಲ್ಲಿ ಹಡಗಿನಲ್ಲಿ ಆ ಪರದೆಯ ಮುಂದೆ ಕೂರಬೇಕಾದವನೂ ಬಂದ. ಅವನು ಅವಳ ಸ್ವಂತ ತಮ್ಮ. ಯಂತ್ರ ತಪ್ಪು ಹೇಳಿದರೆ ಮೊದಲು ಮುಳುಗುವವರ ಸಾಲಿನಲ್ಲಿ ಇವನೂ ಇದ್ದ. ಆರು ಖಾನೆಯ ಹಳೆಯ ಮಾದರಿಯನ್ನು ಕೆಲವು ತಿಂಗಳು ಹಡಗಿನಲ್ಲಿ ಪರೀಕ್ಷಿಸಿದವನೂ ಅವನೇ.

ಮುಖ್ಯಸ್ಥರು ಒಂದೊಂದೇ ಸಂಕೇತ ಹಾಕಿ ತೋರಿಸಿದರು. ಎಲ್ಲಕ್ಕೂ ಯಂತ್ರ ಕೇಳಿದ ತಕ್ಷಣ ಹೆಸರು ಹೇಳಿತು. ಅವಳು ಸುಮ್ಮನೆ ಎದ್ದಳು. ಯಾರನ್ನೂ ಕೇಳದೆ ಯಂತ್ರದ ಆಂಟೆನಾವನ್ನು ಹಿಡಿದು ಗಾಜಿನ ಬಾಗಿಲಿನ ಕಡೆ ತಿರುಗಿಸಿದಳು. ಬಂದವರನ್ನು ಕಂಡು ತಾನೇ ಸರಿಯುವ ಬಾಗಿಲು ಅದು. ಅದರ ನೆತ್ತಿಯ ಮೇಲಿನ ಸಣ್ಣ ಡಬ್ಬಿಯೂ ಬಡ ನೆಂಟನಾದರೂ ರಾಡಾರಿನ ವಂಶದ್ದೇ. ಮೊನ್ನೆಯವರೆಗೆ ಇದಕ್ಕೆ ಯಂತ್ರ "ಗೊತ್ತಿಲ್ಲ" ಎನ್ನುತ್ತಿತ್ತು. ಈಗ ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು: ಮೀನು ದೋಣಿ.

"ಇದು ನಮ್ಮ ಬಾಗಿಲು, ಕ್ಯಾಪ್ಟನ್," ಎಂದಳು. "ಎರಡನೇ ಮಹಡಿಯಲ್ಲಿ ಮೀನು ಹಿಡೀತಾ ಇದೆ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋದಕ್ಕೆ ಇದಕ್ಕೊಂದು ಬಾಯಿ ಇತ್ತು. ಹೊಲಿದಿದ್ದಾರೆ."

ಕ್ಯಾಪ್ಟನ್ ಮುಖ್ಯಸ್ಥರ ಕಡೆ ನೋಡಿದರು. ಮುಖ್ಯಸ್ಥರು ಮಾತ್ರ ಅರಳಿದ ಮುಖದಲ್ಲಿದ್ದರು.

"ನೋಡಿದ್ರಾ! ಅಪಾಯ ಇಲ್ಲದ್ದು ಅಂತ ಎಷ್ಟು ಸರಿಯಾಗಿ ಹೇಳ್ತು! ಬಾಗಿಲಿಂದ ಯಾರಿಗ್ರೀ ಅಪಾಯ?"

ಕ್ಯಾಪ್ಟನ್ ನಕ್ಕರು. ಅಷ್ಟಾದರೂ ಕರ್ತವ್ಯ ಬಿಡದೆ ಅವಳ ತಮ್ಮನ ಕಡೆ ತಿರುಗಿದರು. "ಪರದೆ ಮುಂದೆ ಕೂರೋನು ನೀನು. ನೀನೇನಂತೀಯಪ್ಪ?"

ಅವಳು ಅವನನ್ನೇ ನೋಡಿದಳು. ಅವನು ತನ್ನ ಬೂಟನ್ನು ನೋಡಿಕೊಂಡ. "ಗಂಟೆ ಕಮ್ಮಿ ಆದ್ರೆ ಒಳ್ಳೇದೇ, ಸರ್."

ಕಾರಿಡಾರಿಗೆ ಬಂದದ್ದೇ ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು. "ತಲೆ ನೆಟ್ಟಗಿದೆಯೇನೋ ನಿಂಗೆ? ಆ ಗಂಟೆ ಕಟ್ಟಿದ್ದು ಯಾರಿಗೋಸ್ಕರ ಅಂದ್ಕೊಂಡೆ? ಆ ಮಹಾನುಭಾವರು ಹಡಗು ಹತ್ತಲ್ಲ ಕಣೋ, ಹತ್ತೋನು ನೀನು!"

"ಬಿಡಕ್ಕಾ. ಊಟಕ್ಕೆ ಕೂತ್ರೆ ಗಂಟೆ, ಸ್ನಾನಕ್ಕೆ ಹೋದ್ರೆ ಗಂಟೆ. ಸೋಪು ಮೆತ್ಕೊಂಡೇ ಎಷ್ಟು ಸಲ ಓಡಿದೀನಿ ಗೊತ್ತಾ? ಹೋಗಿ ನೋಡಿದ್ರೆ ಯಾವುದೋ ಹೊಸ ವಿಹಾರ ನೌಕೆ. ನಿನ್ನ ಯಂತ್ರಾನೂ ನಿನ್ನ ಥರಾನೇ, ಸುಮ್ನೆ ಕೂರೋಕೆ ಬಿಡಲ್ಲ."

"ಒಂದು ಸಲ ವಿಹಾರ ನೌಕೆ ಅಲ್ಲದೇ ಇದ್ರೆ?"

"ಆಗ ನೋಡೋಣ."

"ಆಗ ಅಂದ್ರೆ ಯಾವಾಗ ಕಣೋ?"

ಅವನು ಅಕ್ಕನ ಕೆನ್ನೆ ಚಿವುಟಿ, ಒಳಗೆ ಮರಳಲು ಆ ಗಾಜಿನ ಬಾಗಿಲ ಹತ್ತಿರ ಹೋದ. ಮೀನು ದೋಣಿ ಸದ್ದಿಲ್ಲದೆ ಸರಿದು ಅವನಿಗೆ ದಾರಿ ಬಿಟ್ಟಿತು.

ಯಂತ್ರ ಹಡಗೇರಿತು. ಮುಖ್ಯಸ್ಥರಿಗೆ ಮೇಲಿನಿಂದ ಪ್ರಶಂಸೆ ಬಂತು. ಅವಳನ್ನು ಕಟ್ಟಡದ ಹವಾನಿಯಂತ್ರಣದ ಉಸ್ತುವಾರಿಗೆ ಹಾಕಿದರು. ಅಲ್ಲಿ ಗೊತ್ತಿಲ್ಲದಿರುವಂಥದ್ದು ಏನೂ ಇರಲಾರದೆಂದು ಅವರ ನಂಬಿಕೆ.

ಮುಂದಿನ ವಾರ ಸಮುದ್ರದ ನಡುವಿನಿಂದ ತಮ್ಮ ಫೋನ್ ಮಾಡಿದ. ದನಿಯಲ್ಲಿ ನೆಮ್ಮದಿ ಇತ್ತು.

"ಈಗ ಆರಾಮಾಗಿದೆ ಅಕ್ಕಾ. ಬೆಳಗಿಂದ ಸುತ್ತ ಬರೀ ಮೀನು ದೋಣಿ ಅಂತ ತೋರಿಸ್ತಾ ಇದೆ. ತಮಾಷೆ ಏನು ಗೊತ್ತಾ, ಕಣ್ಣಿಗೆ ಒಂದೂ ಕಾಣಿಸ್ತಿಲ್ಲ."

ಗಂಟೆ ಹೊಡೆದಿರಲಿಲ್ಲ.