ಒಂಬತ್ತರ ಊಟ

"ಊಟ ಆದ ಮ್ಯಾಲಿನ ರಿಪೋರ್ಟ್ ಎಲ್ಲೈತ್ರಿ?" ಡಾಕ್ಟರ್ ಭಾಗ್ಯಶ್ರೀ ಕೇಳಿದ್ದು ಹಣಮಂತರಾಯನನ್ನು. ಸಕ್ಕರೆ ಕಾಯಿಲೆ ಇದ್ದದ್ದು ಅವನ ಪಕ್ಕ ಕೂತಿದ್ದ ಹೆಂಡತಿ ಶಾರದಾಬಾಯಿಗೆ.

"ಅದು ಆಗಲಿಲ್ರಿ ಮೇಡಂ. ಖಾಲಿ ಹೊಟ್ಟಿದು ಅಷ್ಟ ಆಗೈತಿ," ಎಂದ ಹಣಮಂತರಾಯ. ಹೈಟೆಕ್ ಸಿಟಿಯ ಕಂಪನಿಯೊಂದಕ್ಕೆ ಅವನು ಗಾಡಿಗಳನ್ನು ಬಾಡಿಗೆಗೆ ಬಿಟ್ಟಿದ್ದ. ಬೆಳಗಿನಿಂದ ದವಾಖಾನೆಯ ಮೆಟ್ಟಿಲ ಮೇಲೆ ನಿಂತು ಮೊಬೈಲಿನಲ್ಲಿ ಡ್ರೈವರುಗಳನ್ನು ಬೈಯುತ್ತಲೇ ಇದ್ದ. ಲ್ಯಾಬಿನ ಹುಡುಗಿ ರಕ್ತ ತೆಗೆದುಕೊಂಡು, ಉಂಡು ಎರಡು ತಾಸು ಬಿಟ್ಟು ಮತ್ತೆ ಬನ್ನಿ ಎಂದು ಹೇಳಿ ಕಳಿಸಿದ್ದಳು. ಈಗ ಮಧ್ಯಾಹ್ನವಾಗಿತ್ತು. ಶಾರದಾಬಾಯಿಯ ತೊಡೆಯ ಮೇಲೆ ಬುತ್ತಿಯ ಡಬ್ಬಿ, ಮನೆಯಲ್ಲಿ ಬಟ್ಟೆ ಸುತ್ತಿ ಕಟ್ಟಿದ ಗಂಟನ್ನೂ ಬಿಚ್ಚದೆ, ಹಾಗೇ ಇತ್ತು.

"ಯಾಕ, ಇವರು ಉಣ್ಣಲಿಲ್ಲೇನು?"

"ಹಸಿವಿಲ್ಲ ಅಂದಿರಬೇಕ್ರಿ. ಭಾಳ ಹಟದ ಹೆಣ್ಮಗಳು."

ಹಸಿವಿಲ್ಲ ಎಂದು ಶಾರದಾಬಾಯಿ ಅಂದಿರಲಿಲ್ಲ. ಎರಡು ಸಲ ಮೆಟ್ಟಿಲ ತನಕ ಹೋಗಿ ಅವನಿಗೆ ಡಬ್ಬಿ ತೋರಿಸಿದ್ದಳು. ಅವನು ಫೋನನ್ನು ಕಿವಿಯಿಂದ ತೆಗೆಯದೆ ಕೈ ಬೀಸಿದ್ದ. ಗಂಡ ಉಣ್ಣುವ ಮೊದಲು ಅವಳು ಉಂಡದ್ದು, ಲಗ್ನವಾದಾಗಿನಿಂದ ಒಂದು ದಿನವೂ ಇರಲಿಲ್ಲ.

ಡಾಕ್ಟರ್ ರಾಯಚೂರಿನವರು. 'ನಮ್ಮ ಕಡೆಯವರು, ಕನ್ನಡದಾಗ ಬಿಚ್ಚಿ ಮಾತಾಡಬಹುದು' ಎಂದೇ ಹಣಮಂತರಾಯ ಹೆಂಡತಿಯನ್ನು ಮಲ್ಕಾಜ್‌ಗಿರಿಯಿಂದ ನಾರಾಯಣಗೂಡದ ತನಕ ಕರೆತರುತ್ತಿದ್ದ. ಮಾತು ಕನ್ನಡದಲ್ಲೇ ನಡೆಯಿತು, ಡಾಕ್ಟರ್ ಮತ್ತು ಹಣಮಂತರಾಯನ ನಡುವೆ.

"ಖಾಲಿ ಹೊಟ್ಟಿ ಶುಗರ್ ಹೆಚ್ಚೈತ್ರಿ. ರಾತ್ರಿ ಇನ್ಸುಲಿನ್ ಬರೊಬ್ಬರಿ ತಗೋತಾರಿಲ್ಲ?"

"ಎಂಟೂವರೆಗೆ ಫೋನ್ ಮಾಡಿ ನಾನs ನೆನಪು ಮಾಡತೀನ್ರಿ."

"ತಗೊಂಡು ಅರ್ಧ ತಾಸಿಗೆ ಉಣ್ಣಬೇಕು ನೋಡ್ರಿ. ತಡಾ ಆದ್ರ ಶುಗರ್ ಒಮ್ಮೆಲೆ ಇಳಿದು ಬಿಡತೈತಿ. ಊಟ ಎಷ್ಟಕ್ಕ?"

"ಹೋದ ಸಲಾನೂ ಹೇಳಿದ್ದೆನಲ್ರಿ, ಒಂಬತ್ತಕ್ಕ. ಆಕಡಿ ಈಕಡಿ ಇಲ್ಲ."

"ತಲಿ ತಿರುಗೋದು, ಬೆವರೋದು?"

"ಹೋದ ವಾರ ಒಂದಿನ ರಾತ್ರಿ ಅಡಗಿಮನ್ಯಾಗ ಬಿದ್ದಿದ್ದಳು ಬಿಡ್ರಿ. ನಿದ್ದಿಗೆಟ್ಟಿದ್ದಳು. ಬಾಜೂ ಮನಿಯವರು ಸಕ್ರಿ ಹಾಕಿ ಚಾ ಕುಡಿಸಿದ್ರು, ಎದ್ದಳು."

ಡಾಕ್ಟರ ಪೆನ್ನು ಒಂದು ಕ್ಷಣ ನಿಂತಿತು. "ಊಟ ಆಗಿದ್ರ ಅದು ಶುಗರ್ ಇಳಿದು ಆಗಿದ್ದಲ್ಲ. ರಾತ್ರಿ ಡೋಸ್ ಏರಿಸೋಣು. ಏನಂತೀರಿ ಸರ್? ಈಗಿನ ಪದ್ಧತಿ ಹಂಗೈತಿ, ನಾವೊಬ್ಬರs ಬರದು ಕೊಡೋದಲ್ಲ. ಎಲ್ಲಾರೂ ಕೂಡಿ ಮಾತಾಡಿ ಠರಾಯಿಸಬೇಕು."

"ಏರಿಸಿಬಿಡ್ರಿ."

"ಏರಿಸಬ್ಯಾಡ್ರಿ."

ಇಬ್ಬರೂ ತಿರುಗಿ ನೋಡಿದರು. ಶಾರದಾಬಾಯಿಯ ಕೈ ಡಬ್ಬಿಯನ್ನು ಬಿಗಿಯಾಗಿ ಹಿಡಿದಿತ್ತು.

"ಸೂಜಿ ಚುಚ್ಚಿಕೊಳ್ಳೋ ಹೊಟ್ಟಿ ನಂದ್ರಿ. ಒಂಬತ್ತಕ್ಕ ಉಣ್ಣೋ ಹೊಟ್ಟಿ ಇವರದು."

"ಏ, ಏನ್ ಹುಚ್ಚರಂಗ ಮಾತಾಡತಿ?" ಹಣಮಂತರಾಯ ನಗಲು ನೋಡಿದ.

"ಕಂಪನಿ ಕ್ಯಾಂಟೀನಿನ್ಯಾಗ ಒಂಬತ್ತಕ್ಕ ಉಣ್ಣತೀರಿ, ಹೌದಿಲ್ಲೋ? ಅದನ್ನs ಹೇಳೀರಿ. ಮನಿಗೆ ಬರೋದು ಹನ್ನೊಂದಕ್ಕ. ಬಂದು 'ನಂದು ಆಗೇತಿ' ಅಂದ ಮ್ಯಾಲ ನನ್ನ ತಾಟು. ಅಲ್ಲಿ ತನಕ ಬೆವತು, ಕಣ್ಣಿಗೆ ಕತ್ತಲಿ ಬಂದು, ಗ್ವಾಡಿ ಹಿಡಕೊಂಡು ಕುಂತಿರತೀನಿ. ಡೋಸ್ ಏರಿಸಿದ್ರ, ಬಾಜೂ ಮನಿಯವರು ಊರಿಗೆ ಹೋದ ದಿನ ನನ್ನ ಯಾರು ಎಬ್ಬಿಸ್ತಾರ?"

"ಕಾಯಿ ಅಂತ ಯಾರಂದಿದ್ರು ನಿನಗ?"

"ಕಾಯಬ್ಯಾಡ ಅಂತ ಯಾರಂದಿದ್ರು?"

ಡಾಕ್ಟರ ಮುಖ ಕೆಂಪಾಯಿತು. "ಶಾರದಾಬಾಯಿ ಅವರs, ಇದನ್ನ ನೀವು ಮೊದಲ ಹೇಳಬೇಕಿತ್ತಲ್ಲ."

"ನೀವು ಕೇಳಬೇಕಿತ್ತಲ್ರಿ. ಕನ್ನಡ ನನಗೂ ಬರತೈತಿ."

ಹೊರಗೆ ಕಾಂಪೌಂಡರ್ ತೆಲುಗಿನಲ್ಲಿ ಮುಂದಿನ ಹೆಸರು ಕೂಗಿದ. ಡಾಕ್ಟರ್ ಬರೆದಿದ್ದ ಚೀಟಿಯನ್ನು ಹರಿದು ಹಾಕಿ, ಹೊಸದನ್ನು ಎಳೆದುಕೊಂಡರು. ಅವರ ಮನಸ್ಸು ಕೆಟ್ಟದ್ದಿರಲಿಲ್ಲ, ಬೇಗ ಸರಿಮಾಡಬೇಕೆಂದೇ ಇತ್ತು. ಆದರೆ ರೂಢಿಯಾದ ಕುತ್ತಿಗೆ ರೂಢಿಯಾದ ಕಡೆಗೇ ತಿರುಗಿತು.

"ಹಂಗಾದ್ರ ಸರ್, ಇವರ ಊಟ ಎಷ್ಟಕ್ಕಂತ ಇಟ್ಟುಕೊಳ್ಳೋಣು?"

ಹಣಮಂತರಾಯ ಬಾಯಿ ತೆರೆಯುವುದರೊಳಗೆ ಡಬ್ಬಿ ಮೇಜಿನ ಮೇಲೆ ಕೂತಿತು, ರಿಪೋರ್ಟಿನ ಮೇಲೆಯೇ. ಶಾರದಾಬಾಯಿ ಗಂಟು ಬಿಚ್ಚಿದಳು. ಮುಚ್ಚಳ ತೆಗೆದಳು. ಪುಂಡಿಪಲ್ಯದ ಹುಳಿ ವಾಸನೆ ಕೋಣೆಯ ಫಿನಾಯಿಲ್ ವಾಸನೆಯ ಮೇಲೆ ಹಬ್ಬಿತು. ಒಳಗೆ ಇಬ್ಬರಿಗೆಂದು ಮಡಿಸಿಟ್ಟ ರೊಟ್ಟಿಗಳಿದ್ದವು. ಮೇಲಿನದನ್ನು ತೆಗೆದುಕೊಂಡು ಮುರಿದಳು.

"ಇಲ್ಲೇ? ನಾ ಇನ್ನೂ ಉಂಡಿಲ್ಲ..." ಎಂದ ಹಣಮಂತರಾಯ. ಅವನ ಕೈಯಲ್ಲಿದ್ದ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವನು ಎತ್ತಲಿಲ್ಲ.

ಶಾರದಾಬಾಯಿ ಮೊದಲ ತುತ್ತು ಅಗಿದು ನುಂಗಿದಳು. ಎರಡನೆಯದನ್ನು ಮುರಿಯುತ್ತ, ಡಾಕ್ಟರ ತಲೆಯ ಮೇಲಿದ್ದ ಗಡಿಯಾರದ ಕಡೆ ರೊಟ್ಟಿಯ ಚೂರಿನಿಂದ ತೋರಿಸಿ ಅಂದಳು:

"ಈಗ ಬರಕೊಳ್ರಿ."