ಕೆಂಪು ಚುಕ್ಕೆಯ ಹಿಂದಿನ ವಾರ

ಬೆನ್ನ ಹಿಂದೆ ಅತ್ತೆ ಏನೋ ಕೂಗುತ್ತಿದ್ದುದನ್ನು ಕಿವಿಗೆ ಹಾಕಿಕೊಳ್ಳದೆ ಅವಳು ಆಸ್ಪತ್ರೆಗೆ ಓಡಿದ್ದಳು. ಈ ಸಲವೂ ಬರಿಗೈ ನೋಡಿ ಮನೋವೈದ್ಯರು ಪೆನ್ನು ಕೆಳಗಿಟ್ಟರು.

“ಗಮನ ನಿಲ್ಲಲ್ಲ, ಮರೆವು ಅಂತ ಕೊಟ್ಟ ಎಡಿಎಚ್‌ಡಿ ಮಾತ್ರೆ ಯಾವ್ಯಾವ ದಿನ ನಾಟಲ್ಲ ಅಂತ ಬರೆದು ತನ್ನಿ ಅಂದು ಮೂರು ತಿಂಗಳಾಯ್ತು.”

“ಮುಟ್ಟಿನ ಹಿಂದಿನ ವಾರ ಅಂತ ಹೇಳ್ತಾನೇ ಇದೀನಲ್ಲ! ಜೊತೆಗೆ ಗರ್ಭನಿರೋಧಕ ಮಾತ್ರೆ ತಗೊಂಡ್ರೆ ಸರಿಹೋಗುತ್ತಾ ಅಂದ್ರೆ, ಆ ಸ್ತ್ರೀರೋಗದ ಡಾಕ್ಟರಮ್ಮ ನಿಮ್ಮನ್ನ ಕೇಳು ಅಂತಾರೆ, ನೀವು ಅವರನ್ನ ಕೇಳು ಅಂತೀರ.”

“ಬರೆದಿದ್ದು ನೋಡದೆ ಇಬ್ಬರಿಗೂ ಏನೂ ಹೇಳಕ್ಕಾಗಲ್ಲಮ್ಮ.”

“ಬರೆಯೋದು ನೆನಪಿದ್ದಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ?”

ಉರಿಯುತ್ತಲೇ ಮನೆಗೆ ಬಂದಳು. ಅಡುಗೆಮನೆಯಲ್ಲಿ ಅತ್ತೆ ಎಂದಿನಂತೆ ಕ್ಯಾಲೆಂಡರಿನ ಮುಂದೆ ನಿಂತಿದ್ದರು. ಸೊಸೆ ಯಾವತ್ತು ಹೊರಗಾದಳು, ಯಾವತ್ತಿನಿಂದ ದೇವರ ದೀಪ ಮುಟ್ಟಬಹುದು ಎಂದು ಮದುವೆಯಾದಾಗಿನಿಂದ ಕೆಂಪು ಚುಕ್ಕೆ ಇಡುವವರು. ಇವತ್ತು ಅವಳಿಗೆ ತಡೆಯಲಾಗಲಿಲ್ಲ. ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತಳು.

“ನನ್ನ ಮುಟ್ಟಿಗೆ ಕಾವಲು ಕಾದಿದ್ದು ಸಾಕು ಅತ್ತೆ!”

ಹರಿಯಲು ಹೋದವಳ ಕಣ್ಣಿಗೆ ಚುಕ್ಕೆಯ ಹಿಂದಿನ ಚೌಕಗಳಲ್ಲಿ ಸಣ್ಣ ಅಕ್ಷರಗಳು ಕಂಡವು. ‘ಹಾಲು ಉಕ್ಕಿಸಿದಳು.’ ‘ಬೀಗ ಹಾಕಲಿಲ್ಲ.’ ‘ಸುಮ್ಮಸುಮ್ಮನೆ ಅತ್ತಳು.’ ಹಾಳೆ ತಿರುವಿದಳು. ಮೂರು ತಿಂಗಳೂ ಹಾಗೇ, ಚುಕ್ಕೆಗೆ ಮುಂಚಿನ ಐದಾರು ದಿನ ಮಾತ್ರ.

“ಇದೇನು ಅತ್ತೆ?”

“ಡಾಕ್ಟ್ರು ಬರೆದಿಡು ಅಂದ್ರು ಅಂತ ನೀನೇ ಹೇಳಿದ್ಯಲ್ಲ, ಅದನ್ನೇ ಬರೆದಿಟ್ಟಿದೀನಿ ಕಣೆ. ತಗೊಂಡು ಹೋಗು ಅಂತ ಪ್ರತಿ ಸಲ ಬಾಗಿಲ ತನಕ ಬಂದು ಕೂಗ್ತೀನಿ, ನೀನೆಲ್ಲಿ ಕೇಳಿಸ್ಕೋತೀಯ?”